ಕಸೂತಿಯ ಚಿತ್ರವಷ್ಟೇ ಸಾಲದು, ಎಣಿಕೆಯೂ ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮನೆಯ ಮದುವೆಯ ಜವಳಿಗೆಂದು ಧಾರವಾಡದ ಅಂಗಡಿಯೊಂದಕ್ಕೆ ಹೋಗಿದ್ದಾಗ, ‘ಕಸೂತಿ ಸೀರೆ’ ಎಂಬ ಚೀಟಿ ಅಂಟಿಸಿದ್ದ ಸೀರೆಯೊಂದನ್ನು ನಮ್ಮ ಮುಂದೆ ಹರಡಿದರು. ಮೈತುಂಬ ತೇರು, ಗೋಪುರ, ನವಿಲು, ತುಳಸಿಕಟ್ಟೆಗಳಿದ್ದವು; ಬಣ್ಣಗಳ ಹೊಂದಿಕೆಯೂ ಚೆನ್ನಾಗಿತ್ತು. ಸೆರಗನ್ನು ತಿರುವಿ ನೋಡುವುದು ನನಗೆ ಚಿಕ್ಕಂದಿನಿಂದ ಬಂದ ರೂಢಿ. ತಿರುವಿದರೆ ಹಿಂಬದಿಯಲ್ಲಿ ಒಂದೆಳೆ ದಾರವೂ ಇರಲಿಲ್ಲ. ಅದು ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆ. ಇದು ಕಸೂತಿಯಲ್ಲವೆಂದು ಹೇಳಿದಾಗ ಮಾರಾಟಗಾರರು, ಡಿಸೈನು ಅದೇ ಅಲ್ಲವೇ ಎಂದು ಸಹಜವಾಗಿಯೇ ಕೇಳಿದರು. ಆ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಾಗದೆ ಬಂದುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಹಳೆಯ ಕಲೆ ಇಂದಿನ ವಿನ್ಯಾಸದೊಳಗೆ ಬರುತ್ತಿರುವುದು ಸಂತೋಷದ ಸಂಗತಿಯೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕಸೂತಿಯ ಆನೆ, ಹಂಸಗಳು ಲಗ್ನಪತ್ರಿಕೆಗಳ ಅಂಚಿನಲ್ಲಿ, ಕೈಚೀಲಗಳ ಮೇಲೆ, ಮೊಬೈಲಿನ ಹೊದಿಕೆಯ ಮೇಲೆ ಕಾಣುತ್ತಿವೆ. ಅಜ್ಜಿಯ ಸೀರೆ ಟ್ರಂಕಿನಲ್ಲಿ ಮಡಿಚಿಟ್ಟ ವಸ್ತುವಾಗಿ ಉಳಿಯದೆ ಮೊಮ್ಮಗಳ ಕುರ್ತಾದ ಮೇಲೆ ಮರಳಿ ಬಂದರೆ ಯಾರಿಗೆ ಬೇಡ? ನನ್ನ ಆತಂಕವೆಲ್ಲ ಏನನ್ನು ತರುತ್ತಿದ್ದೇವೆ, ಏನನ್ನು ಬಿಟ್ಟು ಬರುತ್ತಿದ್ದೇವೆ ಎಂಬುದರ ಬಗ್ಗೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಇಳಕಲ್ ಸೀರೆಯ ನೇಯ್ಗೆಯ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆಗೆ ಸೂಜಿ ಕೆಳಗೆ, ಇಷ್ಟು ಎಳೆಗೆ ಮೇಲೆ ಎಂದು ಲೆಕ್ಕ ಹಿಡಿದು ಹೊಲಿಯುತ್ತಾರೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಯ ವಿಶೇಷವೆಂದರೆ, ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ಚಿತ್ರ ಮೂಡುತ್ತದೆ, ಗಂಟೂ ಕಾಣಿಸುವುದಿಲ್ಲ. ಸೂಜಿ ಮುಂದೆ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟ ಜಾಗಕ್ಕೇ ಬಂದು ಸೇರಬೇಕು. ತೇರಿನಂಥ ಹತ್ತಾರು ಕವಲುಗಳಿರುವ ಚಿತ್ರದಲ್ಲಿ ಯಾವ ಕವಲಿಗೆ ಯಾವಾಗ ಹೊರಳಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬುದು ಮೊದಲೇ ತಲೆಯಲ್ಲಿ ಇರದಿದ್ದರೆ ದಾರ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿ ಈ ಲೆಕ್ಕವನ್ನು ಬಾಯಲ್ಲಿ ಗುಣುಗುಣಿಸುತ್ತಲೇ ಮಾಡುತ್ತಿದ್ದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವಾಗ ಮಾತ್ರ ಅವರು ಹಗಲಿನ ಬೆಳಕಿಗಾಗಿ ಕಾಯ್ದು, ಅಂಗಳದ ಕಟ್ಟೆಗೆ ಬಂದು ಕೂರುತ್ತಿದ್ದರು. ಕೆಲಸ ಮುಗಿದ ಮೇಲೆ ಅವರು ಮೊದಲು ತೋರಿಸುತ್ತಿದ್ದುದು ಹಿಂಬದಿಯನ್ನು.

ಈ ಗೋಪುರ, ತೇರು, ಪಲ್ಲಕ್ಕಿಗಳು ಎಲ್ಲಿಂದ ಬಂದವು ಎಂಬುದನ್ನೂ ಯೋಚಿಸಬೇಕು. ಗುಡಿಯ ಕಲ್ಲಿನಲ್ಲಿ, ಜಾತ್ರೆಯ ಬೀದಿಯಲ್ಲಿ ಕಂಡದ್ದನ್ನು ಹೆಣ್ಣುಮಕ್ಕಳು ಸೀರೆಗೆ ತಂದರು. ಆದರೆ ಕಂಡದ್ದನ್ನು ಅವರು ಹಾಗೆಹಾಗೆಯೇ ನಕಲು ಮಾಡಲಿಲ್ಲ. ಕಲ್ಲಿನ ಕಳಸದ ದುಂಡುತನವನ್ನು ದಾರ ಒಪ್ಪುವುದಿಲ್ಲ. ಎಳೆಯ ಲೆಕ್ಕದಲ್ಲಿ ನೇರ ಗೆರೆಗೆ, ಅಡ್ಡ ಗೆರೆಗೆ, ಓರೆ ಗೆರೆಗೆ ಮಾತ್ರ ಎಡೆಯುಂಟು. ಆದ್ದರಿಂದ ದುಂಡಾದುದು ಮೆಟ್ಟಿಲಾಯಿತು, ನವಿಲಿನ ಗರಿ ಚೌಕಗಳಾಯಿತು, ಆನೆಯ ಬೆನ್ನು ಪಾವಟಿಗೆಯಾಯಿತು. ಶಿಲ್ಪಿಯ ಕಲೆಯನ್ನು ಗೌರವಿಸುತ್ತಲೇ ತಮ್ಮ ಕೈಯಲ್ಲಿದ್ದ ಸಾಧನದ ನಿಯಮಕ್ಕೆ ಅದನ್ನು ಒಗ್ಗಿಸಿಕೊಂಡ ಆ ಹೆಣ್ಣುಮಕ್ಕಳನ್ನು ನಾನು ವಿನ್ಯಾಸಕಾರರೆಂದೇ ಕರೆಯುತ್ತೇನೆ. ಅವರ ಹೆಸರುಗಳು ಎಲ್ಲಿಯೂ ದಾಖಲಾಗಲಿಲ್ಲ ಎಂಬುದು ಬೇರೆಯೇ ನೋವು.

ಹೀಗೆ ಎಣಿಕೆಯ ಮೇಲೆ ನಿಂತಿರುವುದರಿಂದಲೇ ಕಸೂತಿ ಇಂದಿನ ವಿನ್ಯಾಸಕ್ಕೆ ಇಷ್ಟು ಸಲೀಸಾಗಿ ಹೊಂದಿಕೊಳ್ಳುತ್ತದೆ. ಕಂಪ್ಯೂಟರಿನ ಪರದೆಯೂ ಚೌಕಗಳ ಎಣಿಕೆಯೇ ತಾನೇ. ಗೋಡೆಯ ಟೈಲ್ಸ್, ಕಿಟಕಿಯ ಜಾಲರಿ, ಮಗ್ಗದಲ್ಲಿ ಚಿತ್ರ ನೇಯಿಸುವ ಜಕಾರ್ಡ್ ಕೂಡ ಅದೇ ಜಾತಿಯವು. ಇಂಥ ಎಣಿಕೆಯ ಹೊಲಿಗೆ ನಮ್ಮಲ್ಲಿ ಮಾತ್ರ ಇದೆಯೆಂದು ನಾನು ಹೇಳುತ್ತಿಲ್ಲ. ಗವಂತಿಯನ್ನೇ ಹೋಲುವ, ಎರಡೂ ಬದಿಗೆ ಒಂದೇ ರೂಪ ಕೊಡುವ ಹೊಲಿಗೆಯೊಂದು ಯುರೋಪಿನಲ್ಲೂ ಇತ್ತು. 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೀನ್ ಬರೆದ ಭಾವಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿ, ಮುಂಗೈಪಟ್ಟಿಗಳ ಮೇಲೆ ಅದು ಕಾಣುವುದರಿಂದ ಅಲ್ಲಿ ಅದಕ್ಕೆ ಹೋಲ್ಬೀನ್ ಹೊಲಿಗೆಯೆಂದೇ ಹೆಸರಾಗಿದೆ. ಅಲ್ಲಿ ಚಿತ್ರ ಬರೆದವನ ಹೆಸರು ಹೊಲಿಗೆಗೆ ಅಂಟಿಕೊಂಡಿತು, ಹೊಲಿದವರ ಹೆಸರು ಅಲ್ಲಿಯೂ ಉಳಿಯಲಿಲ್ಲ.

ಭಾರತದಲ್ಲಿ ವಿನ್ಯಾಸದ ಶಿಕ್ಷಣ ಆರಂಭವಾದಾಗ, ಹಳೆಯದರಿಂದ ಏನನ್ನು ಕಲಿಯಬೇಕೆಂಬ ಈ ವಿಷಯ ಚರ್ಚೆಗೆ ಬಾರದೇ ಇರಲಿಲ್ಲ. ಕೇಂದ್ರ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಆ ವರದಿಯಲ್ಲಿ ಅವರು ಎತ್ತಿ ಹೇಳಿದ್ದು ಅರಮನೆಯ ಯಾವುದೋ ವೈಭವದ ವಸ್ತುವನ್ನಲ್ಲ, ನಾವು ದಿನವೂ ಬಳಸುವ ನೀರಿನ ಲೋಟಾವನ್ನು. ಅದರ ಆಕಾರವನ್ನು ನಕಲು ಮಾಡಿ ಎಂದೂ ಅವರು ಹೇಳಲಿಲ್ಲ. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ನೀರು ಹೇಗೆ ಬೀಳುತ್ತದೆ ಎಂಬಂಥ ಪ್ರಶ್ನೆಗಳನ್ನು ತಲೆಮಾರುಗಳು ಕೇಳಿಕೊಳ್ಳುತ್ತ ಬಂದುದರಿಂದ ಆ ರೂಪ ಸಿದ್ಧಿಸಿತೆಂದು ವಿವರಿಸಿದರು. ಕಸೂತಿಗೂ ಅದೇ ಮಾತು ಸಲ್ಲಬೇಕು. ಎರಡೂ ಬದಿ ಏಕೆ ಒಂದೇ ಇರಬೇಕು ಎಂದು ಕೇಳಿಕೊಂಡ ವಿದ್ಯಾರ್ಥಿ, ಗಾಳಿಗೆ ಸೆರಗು ತಿರುವಿದರೂ ಅಂದ ಕೆಡಬಾರದೆಂಬ ಹಳಬರ ವಿವೇಕವನ್ನು ಕಾಣುತ್ತಾನೆ. ಅದನ್ನು ಅವನು ಎರಡು ಕಡೆಯಿಂದಲೂ ಕಾಣುವ ಪರದೆಗೋ, ಜಾಲರಿಗೋ, ಹೊದಿಕೆಗೋ ಅನ್ವಯಿಸಬಲ್ಲ. ಚಿತ್ರವನ್ನಷ್ಟೇ ಸ್ಕ್ಯಾನ್ ಮಾಡಿಕೊಂಡವನಿಗೆ ಒಂದು ನವಿಲು ಸಿಗುತ್ತದೆ, ಅಷ್ಟೇ.

ಆದ್ದರಿಂದ ಅಚ್ಚಿನ ಬಟ್ಟೆಯನ್ನು ನಿಷೇಧಿಸಬೇಕೆಂಬುದು ನನ್ನ ಮಾತಲ್ಲ. ಕೈಕಸೂತಿಯ ಸೀರೆ ಎಲ್ಲರ ಕೈಗೆಟುಕುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂತು ಮಾಡುವ ಕೆಲಸಕ್ಕೆ ತಕ್ಕ ಬೆಲೆ ಇರಲೇಬೇಕು. ಕಡಿಮೆ ಬೆಲೆಗೆ ಅಚ್ಚಿನ ಸೀರೆ ಕೊಳ್ಳುವವರನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅಚ್ಚನ್ನು ಅಚ್ಚೆಂದೇ, ಯಂತ್ರದ ಹೊಲಿಗೆಯನ್ನು ಯಂತ್ರದ ಹೊಲಿಗೆಯೆಂದೇ ಕರೆದು ಮಾರಬೇಕು. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ದೊರೆತಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಒಂದು ಸೀಮೆಯ ವಿಶಿಷ್ಟ ವಸ್ತುವಿಗೆ ಈ ಮಾನ್ಯತೆ ಕೊಡುವ 1999ರ ಕಾಯ್ದೆ ಕಾಪಾಡುವುದು ಹೆಸರನ್ನು; ಹಾಗಿರುವಾಗ ಆ ಹೆಸರನ್ನೇ ಅಚ್ಚಿನ ಬಟ್ಟೆಯ ಚೀಟಿಯ ಮೇಲೆ ಬರೆದರೂ ಕೇಳುವವರಿಲ್ಲದಿದ್ದರೆ, ಕಣ್ಣು ಸವೆಸಿ ಎಳೆ ಎಣಿಸಿದ ಹೆಣ್ಣುಮಗಳಿಗೆ ಆ ಮಾನ್ಯತೆಯಿಂದ ಬಂದದ್ದೇನು? ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ ಇರುವಂತೆ, ಕೈಯಲ್ಲಿ ಎಣಿಸಿ ಹೊಲಿದ ಕಸೂತಿಗೂ ಕೊಳ್ಳುವವರು ಸುಲಭವಾಗಿ ಗುರುತಿಸಬಲ್ಲ ಚೀಟಿಯೊಂದು ಪ್ರತಿ ಅಂಗಡಿಯಲ್ಲೂ ಕಾಣುವಂತಾಗಬೇಕು; ಸಾಧ್ಯವಾದರೆ ಅದರ ಮೇಲೆ ಹೊಲಿದವರ ಹೆಸರೂ ಇರಬೇಕು.

ಇನ್ನೊಂದು ಕೋರಿಕೆ ನಮ್ಮ ರಾಜ್ಯದ ವಿನ್ಯಾಸ ಮತ್ತು ಫ್ಯಾಷನ್ ಕಾಲೇಜುಗಳಿಗೆ. ಕಸೂತಿಯ ಚಿತ್ರವನ್ನು ಪರದೆಯ ಮೇಲೆ ಬಿಡಿಸುವ ಮೊದಲು ವಿದ್ಯಾರ್ಥಿಗಳಿಂದ ಒಂದೇ ಒಂದು ಗವಂತಿಯ ಗೋಪುರವನ್ನಾದರೂ ಬಟ್ಟೆಯ ಮೇಲೆ ಹೊಲಿಸಬೇಕು. ಎಳೆ ಎಣಿಸಲು ಬಾರದ ನುಣುಪು ಬಟ್ಟೆಯಾದರೆ ಮೇಲೆ ಜಾಳು ಬಟ್ಟೆಯಿಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವನ್ನು ನಮ್ಮ ಕಸೂತಿಯವರು ಈಗಾಗಲೇ ಬಳಸುತ್ತಿದ್ದಾರೆ; ಹೊಸ ಕಾಲದ ಬಟ್ಟೆಗೆ ಹಳೆಯ ಎಣಿಕೆಯನ್ನು ಅವರು ಹೊಂದಿಸಿಕೊಂಡ ಬಗೆ ಇದು. ಆ ಪಾಠವನ್ನು ಕಲಿಸಲು ಧಾರವಾಡ, ಹುಬ್ಬಳ್ಳಿಗಳಲ್ಲಿ ಇಂದಿಗೂ ಹೊಲಿಯುತ್ತಿರುವ ಹೆಣ್ಣುಮಕ್ಕಳನ್ನೇ ತಕ್ಕ ಸಂಭಾವನೆ ಕೊಟ್ಟು ಕರೆಸಬೇಕು. ಕರಕುಶಲ ಮತ್ತು ಜವಳಿ ಇಲಾಖೆಗಳ ಅಧಿಕಾರಿಗಳು ಈ ಎರಡು ಸಂಗತಿಗಳನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸಿಕೊಳ್ಳುತ್ತೇನೆ.

ಇಂತಿ,
ಓದುಗರೊಬ್ಬರು, ಧಾರವಾಡ