ಮಲಾವಿಯಿಂದ ಹೊರಡುವ ಮುನ್ನ

ಪ್ರಭುವಿನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ಆಫ್ರಿಕಾದ ಮಲಾವಿ ದೇಶದ ಎನ್‌ಖೋಮಾ ಮಿಶನ್ ದವಾಖಾನೆಯ ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿ ನನ್ನ ಸೇವೆ ಈ ತಿಂಗಳಿಗೆ ಮುಗಿಯುತ್ತದೆ. ನಾನು ಕಳಿಸುತ್ತಿದ್ದ ಫೋಟೋಗಳಲ್ಲಿ ನೀವು ನೋಡಿದ್ದು ಹಸಿರು ಗೌನ್ ತೊಟ್ಟ ನಮ್ಮನ್ನು ಮಾತ್ರ. ಕಣ್ಣು ಕಾಣದವರನ್ನು ಹಳ್ಳಿಯಿಂದ ನಮ್ಮ ಮೇಜಿನವರೆಗೆ ತಂದವರು ಬೇರೆ. ಹೊರಡುವ ಮೊದಲು ಅವರ ಋಣವನ್ನು ಎಲ್ಲರೆದುರು ಹೇಳಬೇಕು.

ಮೊದಲು ಚಿಗ್ವಿರಿಜಾನೊ ಅಮ್ಮಂದಿರಿಗೆ. ಇಲ್ಲಿನ ಪ್ರೆಸ್ಬಿಟೇರಿಯನ್ ಸಭೆಗಳ ಸ್ತ್ರೀಯರ ಸಂಘ ಅದು. ಪೊರೆ ಬಂದ ಅಜ್ಜಿಯರು ಎಷ್ಟೋ ಜನ ಮನೆಯ ಮೂಲೆ ಹಿಡಿದುಬಿಡುತ್ತಾರೆ. ವಯಸ್ಸಾಯಿತು, ಇನ್ನು ಕಣ್ಣು ಯಾಕೆ ಅನ್ನುವುದು ಒಂದು. ಡಾಕ್ಟರು ಕಣ್ಣುಗುಡ್ಡೆಯನ್ನೇ ಹೊರಗೆ ತೆಗೆದು ತೊಳೆದು ಮತ್ತೆ ಇಡುತ್ತಾರಂತೆ ಅನ್ನುವ ಭಯ ಇನ್ನೊಂದು. ಬಸ್ಸಿನ ಖರ್ಚಿನ ಮಾತು ಬಂದರೆ ಗಂಡಸರಿಗೆ ಹೇಗೋ ಹೊಂದುತ್ತದೆ, ಹೆಂಗಸರ ಸರದಿ ಹಿಂದೆ ಬೀಳುತ್ತದೆ. ಇದು ನನಗೆ ಕೊನೆಯವರೆಗೂ ಸಹಿಸಲಾಗದ ಸಂಗತಿ. ಆ ಅಮ್ಮಂದಿರು ಭಾನುವಾರದ ಆರಾಧನೆ ಮುಗಿಸಿ ಮನೆಮನೆಗೆ ಹೋಗಿ ಇಂಥವರನ್ನು ಹುಡುಕುತ್ತಾರೆ. ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಪಕ್ಕದ ಹಳ್ಳಿಯ ಗೆಳತಿಯ ಕೈ ಹಿಡಿದು, ಅದರ ಬೆರಳನ್ನು ತನ್ನ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡು, "ಮುಟ್ಟಿ ನೋಡು, ನನ್ನ ಕಣ್ಣು ಇಲ್ಲೇ ಇದೆ" ಅಂದಿದ್ದನ್ನು ನಾನೇ ಕಂಡೆ. ನಮ್ಮ ಯಾವ ಪೋಸ್ಟರೂ ಮಾಡದ ಕೆಲಸ ಅದು. ಗೆಳತಿ ಅದೇ ದಿನ ನಮ್ಮ ಗಾಡಿ ಹತ್ತಿದರು.

ಆಮೇಲೆ ನನ್ನ ಜೊತೆ ದುಡಿದ ಕ್ಲಿನಿಕಲ್ ಆಫೀಸರುಗಳಿಗೆ. ಇವರು ಎಂಬಿಬಿಎಸ್ ಮಾಡಿದವರಲ್ಲ; ಕಣ್ಣಿನ ಚಿಕಿತ್ಸೆಗೆಂದೇ ತರಬೇತಿ ಪಡೆದವರು. ಕಣ್ಣಿನ ಡಾಕ್ಟರುಗಳು ತೀರಾ ಕಡಿಮೆ ಇರುವ ಈ ದೇಶದಲ್ಲಿ ಜಿಲ್ಲೆಗಳ ಭಾರ ಹೊತ್ತವರು ಇವರೇ. ಇಲ್ಲಿ ನಾವು ನೋಡುವ ಪೊರೆ ಬಹಳಷ್ಟು ಸಲ ಪೂರ್ತಿ ಬಲಿತು, ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅದನ್ನು ಯಂತ್ರದಿಂದ ಪುಡಿಮಾಡುವುದಿಲ್ಲ. ಕಣ್ಣಿನ ಬಿಳಿಭಾಗದಲ್ಲಿ ಸುರಂಗದಂತೆ ಸಣ್ಣ ದಾರಿ ಮಾಡಿ ಇಡಿಯಾಗಿ ಜಾರಿಸಿ ತೆಗೆಯುತ್ತಾರೆ; ಸಾಮಾನ್ಯವಾಗಿ ಹೊಲಿಗೆಯೂ ಬೇಡ, ಗಾಯ ತಾನೇ ಕೂಡಿಕೊಳ್ಳುತ್ತದೆ. ದೂರದ ಒಂದು ಶಿಬಿರದಲ್ಲಿ ಪೊರೆ ಅರ್ಧ ಹೊರಬಂದಿರುವಾಗಲೇ ಕರೆಂಟು ಹೋಯಿತು. ನಾನು ಟಾರ್ಚ್ ಹಿಡಿದೆ. ಆಪರೇಷನ್ ಮಾಡುತ್ತಿದ್ದ ಆ ಅಣ್ಣ ಕೈ ಒಂದಿಷ್ಟೂ ಅಲುಗಿಸದೆ, ಬಟ್ಟೆಯ ಕೆಳಗೆ ಮಲಗಿದ್ದ ಅಜ್ಜನ ಜೊತೆ ಆ ವರ್ಷದ ಗೋವಿನಜೋಳದ ಬೆಳೆಯ ಬಗ್ಗೆ ಚಿಚೇವಾದಲ್ಲಿ ಮಾತಾಡುತ್ತಲೇ ಕೆಲಸ ಮುಗಿಸಿದರು. ಇಂಥವರ ಪಕ್ಕದಲ್ಲಿ ನಿಂತದ್ದು ದೇವರು ನನಗೆ ಕೊಟ್ಟ ಕೃಪೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲಾವಿಯಲ್ಲಿ ಟ್ರಕೋಮಾ ಎಂಬ, ಕುರುಡು ತರುವ ಕಣ್ಣಿನ ಸೋಂಕು ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಘೋಷಿಸಿತು. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಇದನ್ನು ಸಾಧಿಸಿದ ಮೊದಲ ದೇಶ ಇದು. ಮಾತ್ರೆ ಹಂಚಿದ, ಮಕ್ಕಳಿಗೆ ಮುಖ ತೊಳೆಯುವುದನ್ನು ಕಲಿಸಿದ ಹಳ್ಳಿಯ ಸ್ವಯಂಸೇವಕರಿಗೆ ಆ ಗೌರವ ಸಲ್ಲಬೇಕು.

2023ರ ನವೆಂಬರಿನಲ್ಲಿ ಇಲ್ಲಿನ ಹಣ ಕ್ವಾಚಾದ ಬೆಲೆಯನ್ನು ಮಲಾವಿಯ ರಿಸರ್ವ್ ಬ್ಯಾಂಕ್ ಇಳಿಸಿತು; ಡಾಲರಿನ ಬೆಲೆ ಶೇಕಡಾ 44ರಷ್ಟು ಏರಿತು. ಹೊರಗಿನಿಂದ ತರಿಸುವ ಪ್ರತಿ ಸಾಮಾನೂ ತುಟ್ಟಿ, ಡೀಸೆಲ್ ಸಿಗುವುದೇ ಕಷ್ಟ. ಶಿಬಿರ ನಿಲ್ಲಿಸೋಣವೇ ಅನ್ನುವ ಮಾತು ಬಂದಾಗ ಒಂದು ಬಡ ಸಭೆಯ ಹಿರಿಯರು ಕಾಣಿಕೆಯ ದುಡ್ಡಿನಲ್ಲಿ ಡೀಸೆಲ್ ಕೊಂಡು ಕ್ಯಾನಿನಲ್ಲಿ ತಂದುಕೊಟ್ಟರು. ಅವರ ಮುಂದೆ ನಾನು ಏನು ಹೇಳಲಿ!

ಅದೇ ಹೊತ್ತಿಗೆ ಬೆಟಗೇರಿಯ ನನ್ನ ಸಭೆಯವರು ಸುಗ್ಗಿ ಹಬ್ಬದ ಹರಾಜಿನ ಹಣ ಕಳಿಸಿದಿರಿ. ಪೊರೆ ತೆಗೆದ ಕಣ್ಣಿನೊಳಗೆ ಕೂರಿಸುವ, ಮದುರೈಯ ಆರೋಲ್ಯಾಬ್ ಕಾರ್ಖಾನೆಯ ಲೆನ್ಸುಗಳು ಅದರಲ್ಲೇ ಬಂದವು. 1992ರಲ್ಲಿ ಆ ಕಾರ್ಖಾನೆ ಶುರುವಾಗಿ ಲೆನ್ಸಿನ ಬೆಲೆ ಇಳಿದದ್ದು ಬಡದೇಶಗಳ ಪಾಲಿಗೆ ದೊಡ್ಡ ಉಪಕಾರ. ಮೊದಲು ಪೊರೆ ತೆಗೆದು ದಪ್ಪ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ಅದು ಒಡೆದರೆ ಮತ್ತೆ ಏನೂ ಕಾಣದು. ನೀವು ಹರಾಜಿನಲ್ಲಿ ಕೂಗಿ ಕೊಂಡ ಕುಂಬಳಕಾಯಿ, ಬಾಳೆಗೊನೆ, ಕೋಳಿ ಇಲ್ಲಿ ಯಾರದೋ ಕಣ್ಣಿನೊಳಗೆ ಬೆಳಕಾಗಿವೆ. ಅಯ್ಯನವರಿಗೆ, ಪ್ರತಿ ಬುಧವಾರ ನನ್ನ ಹೆಸರು ಹಿಡಿದು ಪ್ರಾರ್ಥಿಸಿದ ಅಕ್ಕಂದಿರಿಗೆ, ಅವ್ವನ ಕಾಯಿಲೆಯಲ್ಲಿ ರಾತ್ರಿಯಿಡೀ ಕೂತ ಓಣಿಯವರಿಗೆ ಕೈಮುಗಿದ ವಂದನೆ.

ನನ್ನ ಜಾಗಕ್ಕೆ ಬರುತ್ತಿರುವವಳು ಇದೇ ಜಿಲ್ಲೆಯ ಹುಡುಗಿ, ನನಗಿಂತ ಚುರುಕು. ಲೆನ್ಸುಗಳು ಅವಳಿಗೂ ಬೇಕು. ಈ ವರ್ಷದ ಹರಾಜಿಗೆ ನಾನೂ ಬರುತ್ತೇನೆ.