ಮಗಳಿಗೊಂದು ಪತ್ರ: ಎಡಗಾಲಿಗೆ ಬೀಳುವ ಏಟು

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಎಂಟನೇ ಕ್ಲಾಸಿನಲ್ಲಿದ್ದಾಗ ನೀನು ನನ್ನನ್ನು ಒಂದು ಮಾತು ಕೇಳಿದ್ದೆ. 'ಅಪ್ಪ, ಪೆರೇಡ್ ಮಾಡಿದ ತಂಡಗಳಿಗೆ ಪ್ರೈಜ್ ಕೊಟ್ಟರು. ಬ್ಯಾಂಡಿನವರಿಗೆ ಯಾಕಿಲ್ಲ?' ಜಿಲ್ಲಾ ಕ್ರೀಡಾಂಗಣದ ಗೇಟಿನ ಹತ್ತಿರ ನಿಂತಿದ್ದೆವು. ನಾನು ಏನೂ ಹೇಳದೆ ಗಾಡಿ ಸ್ಟಾರ್ಟ್ ಮಾಡಿದೆ. ನಾಡಿದ್ದು ನೀನು ಧಾರವಾಡದ ಹಾಸ್ಟೆಲಿಗೆ ಹೊರಡುತ್ತೀ. ಎದುರಿಗೆ ಕೂತು ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನಲ್ಲಿ ಸ್ಕೂಲ್ ಬ್ಯಾಂಡಿಗೆ ಸೇರಿದಾಗ ನಿನ್ನ ಕೈಗೆ ಟ್ರಯಾಂಗಲ್ ಕೊಟ್ಟಿದ್ದರು, ಕಡ್ಡಿಯಿಂದ ತಟ್ಟುವ ಮೂರು ಮೂಲೆಯ ಸರಳು. ಹುಡುಗಿಯರಿಗೆ ಅದೇ ಸರಿ, ಆ ದೊಡ್ಡ ಬಾಸ್ ಡ್ರಮ್ ಹೊರೋದು ಹುಡುಗರು ಅಂದರಂತೆ. ನೀನು ಅಳಲಿಲ್ಲ. ಸಂಜೆ ನಾನು ಮಂಡಕ್ಕಿ ಹುರಿಯುವ ಭಟ್ಟಿಗೆ ಬಂದು, 'ಅಪ್ಪ, ಒಂದು ಚೀಲ ಮಂಡಕ್ಕಿ ಕೊಡು' ಅಂದೆ. ತಿನ್ನೋಕೆ ಚೀಲಗಟ್ಟಲೆ ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ನೀನು ಆ ಚೀಲಕ್ಕೆ ಹಗ್ಗ ಕಟ್ಟಿ, ಎದೆಗೆ ಅಡ್ಡಲಾಗಿ ನೇತುಹಾಕಿಕೊಂಡೆ. ಎರಡು ಕಡೆಯಿಂದ ಎರಡು ಕೋಲು. ಹಿಂದಿನಿಂದ ನೋಡಿದರೆ ಎರಡು ಜಡೆ, ಮುಂದಿನಿಂದ ನೋಡಿದರೆ ಚೀಲವೇ ನಡೆದು ಬಂದ ಹಾಗೆ. ಡ್ರಮ್ ಕಟ್ಟಿಕೊಂಡರೆ ನಮ್ಮ ಕಾಲು ನಮಗೇ ಕಾಣೋದಿಲ್ಲ, ನೋಡದೆ ಹೆಜ್ಜೆ ಇಡೋದು ಮೊದಲು ಕಲೀಬೇಕು ಅಂದೆ. ಹನ್ನೊಂದು ವರ್ಷದ ಹುಡುಗಿಗೆ ಇದು ಹೊಳೆಯಿತಲ್ಲ! ಓಣಿಯ ಈ ತುದಿಯಿಂದ ಆ ತುದಿಗೆ, ಒಂದು ವರ್ಷ ನಡೆದೆ. ಏಳನೇ ಕ್ಲಾಸಿನಲ್ಲಿ ಡ್ರಮ್ ಹೊತ್ತಿದ್ದ ಹುಡುಗ ಜ್ವರದಿಂದ ಮಲಗಿದಾಗ, ಬದಲಿಗೆ ನಿಲ್ಲೋಕೆ ಬಂದವಳು ನೀನೊಬ್ಬಳೇ.

ಆಮೇಲೆ ಗಡಿಯಾರದ ಹುಚ್ಚು ಹಿಡಿಯಿತು. ಪೆರೇಡಿನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಅಂದರೆ ನಿಮಿಷಕ್ಕೆ 300 ಅಡಿ. ಸೆಕೆಂಡ್ ಮುಳ್ಳು ಒಂದು ಸಲ ಕದಲುವಷ್ಟರಲ್ಲಿ ಎಡಗಾಲು ಒಮ್ಮೆ, ಬಲಗಾಲು ಒಮ್ಮೆ. ಎಡಗಾಲು ನೆಲ ಮುಟ್ಟುವಾಗ ಸರಿಯಾಗಿ ದೊಡ್ಡ ಡ್ರಮ್ಮಿನ ಏಟು ಬೀಳಬೇಕು. ಊಟಕ್ಕೆ ಕೂತಾಗಲೂ ನಿನ್ನ ಎಡಗಾಲು ನೆಲ ತಟ್ಟುತ್ತಿತ್ತು. ನಿಮ್ಮವ್ವ ಗದರುತ್ತಿದ್ದಳು. ನನಗೆ ಮಾತ್ರ ಅದು ಅರ್ಥವಾಗುತ್ತಿತ್ತು. ಬಿಸಿ ಮರಳಿಗೆ ಅಕ್ಕಿ ಬಿದ್ದ ಮೇಲೆ ಅರಳೋಕೆ ಎಷ್ಟು ಹೊತ್ತು ಬೇಕು ಹೇಳು? ಒಂದು ಕ್ಷಣ ಮೊದಲು ತೆಗೆದರೆ ಗಟ್ಟಿ, ಒಂದು ಕ್ಷಣ ತಡವಾದರೆ ಕರಕಲು. ಇಪ್ಪತ್ತು ವರ್ಷದಿಂದ ನನ್ನ ಕೈ ಅದನ್ನೇ ಕಾಯುತ್ತಿದೆ. ನಿನ್ನ ಅಜ್ಜ ನಂದಿಕೋಲಿಗೆ ಸಮಾಳ ಬಾರಿಸುತ್ತಿದ್ದರು. ಸಮಾಳದವನು ಒಂದು ಪೆಟ್ಟು ತಪ್ಪಿದರೆ ಕೋಲು ಹೊತ್ತವನು ತೂರಾಡುತ್ತಾನೆ ಅಂತ ಹೇಳುತ್ತಿದ್ದರು. ಅವರು ಇದ್ದಿದ್ದರೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸುತ್ತಿದ್ದರು.

2024ರ ಜನವರಿ 26 ನೆನಪಿದೆಯಾ? ನೀನು ಆ ಪ್ರಶ್ನೆ ಕೇಳಿದ್ದು ಅವತ್ತೇ. ಮನೆಗೆ ಬಂದು ಮೊಬೈಲಿನಲ್ಲಿ ದೆಹಲಿಯ ಪೆರೇಡ್ ನೋಡಿದೆವು. ಆ ವರ್ಷ ಪೆರೇಡ್ ಶುರುವಾಗಿದ್ದೇ ಹೆಂಗಸರ ವಾದ್ಯದಿಂದ. ನೂರಕ್ಕೂ ಜಾಸ್ತಿ ಹೆಂಗಸರು ಶಂಖ, ನಾದಸ್ವರ, ನಗಾರಿ ಹಿಡಿದು ಬಂದರು. ನೀನು ಯೂನಿಫಾರ್ಮ್ ಕೂಡ ಬಿಚ್ಚದೆ ಮೂರು ಸಲ ನೋಡಿದೆ. ಪ್ರೈಜಿನ ಮಾತು ಆಮೇಲೆ ನೀನು ಎತ್ತಲೇ ಇಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಬೆಲ್ಟ್ ಉಜ್ಜಿ ನಿನ್ನ ಭುಜ ಕೆಂಪಾಗಿತ್ತು. ನಿಮ್ಮವ್ವ ಹಳೆ ಟವೆಲ್ ಮಡಚಿ ಬೆಲ್ಟಿಗೆ ಹೊಲಿದು ಕೊಟ್ಟಳು. ಅದೇ ವರ್ಷ ಒಂದು ರಾತ್ರಿ ವಿಜ್ಞಾನದ ಪುಸ್ತಕ ತಂದು ನನಗೆ ತೋರಿಸಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾದರೆ ನೂರು ಮೀಟರ್ ದೂರದಲ್ಲಿ ಇರುವವರಿಗೆ ನಮ್ಮ ಏಟು ಕಾಲು ಸೆಕೆಂಡಿಗಿಂತ ಜಾಸ್ತಿ ತಡವಾಗಿ ಕೇಳುತ್ತದೆ. ಒಂದು ಹೆಜ್ಜೆಗೆ ಇರೋದೇ ಅರ್ಧ ಸೆಕೆಂಡ್. 'ಅದಕ್ಕೇ ಅಪ್ಪ, ಮೈದಾನದ ಆಚೆ ಮೂಲೆಯಲ್ಲಿ ಬರುವವರ ಕಾಲು ನಮಗೆ ತಪ್ಪಿದಂತೆ ಕಾಣೋದು. ಪಾಪ, ಅವರದೇನೂ ತಪ್ಪಿಲ್ಲ.' ಆ 'ಪಾಪ' ಅನ್ನೋ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಈ ವರ್ಷದ ಜನವರಿ 26, ನಿನ್ನ ಕೊನೇ ಪೆರೇಡ್. ನಾನು ಬೇಗ ಬಂದು ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದೆ. ನಿಮ್ಮ ಬ್ಯಾಂಡ್ ವೇದಿಕೆಯ ಎದುರಿಗೆ ನಿಂತಿತು. ಪೊಲೀಸರು ಹೋದರು, ಹೋಂ ಗಾರ್ಡ್ಸ್ ಹೋದರು, ಎನ್‌ಸಿಸಿಯವರು ಹೋದರು. ಎಲ್ಲರಿಗೂ ಚಪ್ಪಾಳೆ. ಎಲ್ಲರ ಹಿಂದೆ ಪುಟ್ಟ ಮಕ್ಕಳ ಒಂದು ತಂಡ. ಆಚೆ ಮೂಲೆ ತಿರುಗುವಾಗಲೇ ಅವರ ಹೆಜ್ಜೆ ಕೆಟ್ಟಿತ್ತು. ಕೊನೇ ಸಾಲಿನಲ್ಲಿ ಒಬ್ಬ ಹುಡುಗ, ಬಿಳಿ ಕ್ಯಾನ್ವಾಸ್ ಶೂ, ಒಂದು ಲೇಸ್ ಬಿಚ್ಚಿ ಎಳೆದಾಡುತ್ತಿತ್ತು. ಎಲ್ಲರದು ಎಡಗಾಲಾದರೆ ಅವನದು ಬಲಗಾಲು. ಅಳು ಮೋರೆ ಮಾಡಿಕೊಂಡಿದ್ದ.

ಬ್ಯಾಂಡ್ ಹತ್ತಿರವಾದಂತೆ ಅವನು ನಿನ್ನ ಕಡೆ ಕತ್ತು ತಿರುಗಿಸಿದ. ಢಂ. ಇನ್ನೊಂದು ಢಂ. ಒಂದು ಸಣ್ಣ ಕುಪ್ಪಳಿಸು ಹಾಕಿ ಕಾಲು ಬದಲಿಸಿದ. ಮುಂದಿನ ಏಟಿಗೆ ಅವನ ಎಡಗಾಲು ಬಿತ್ತು, ಅವನ ಪಕ್ಕದವನದೂ ಬಿತ್ತು. ವೇದಿಕೆಗೆ ವಂದನೆ ಕೊಡುವ ಹೊತ್ತಿಗೆ ಇಡೀ ತಂಡ ಒಂದೇ ಕಾಲಿನಲ್ಲಿತ್ತು. ಆ ಹುಡುಗ ಎದೆ ಸೆಟೆಸಿಕೊಂಡು ಹೋದ ಪುಟ್ಟಿ. ನಿನಗೆ ಡ್ರಮ್ಮಿನ ಹಿಂದಿನಿಂದ ಅದು ಕಂಡಿತೋ ಇಲ್ಲವೋ, ನನಗೆ ಪೂರ್ತಿ ಕಂಡಿತು. ಪಕ್ಕದಲ್ಲಿ ಕೂತವರಿಗೆ 'ಆ ದೊಡ್ಡ ಡ್ರಮ್ ಬಾರಿಸುವವಳು ನನ್ನ ಮಗಳು' ಅಂದೆ. ಕೇಳದೇ ಇದ್ದವರಿಗೂ ಹೇಳಿದೆ.

ಆ ಕಾಲು ಬದಲಿಸಿದ ಕ್ಷಣ ನನಗೆ ನಿನ್ನ ಪ್ರೈಜ್. ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಅಲ್ಲಿನ ಕಾಲೇಜಿನಲ್ಲಿ ಎನ್‌ಸಿಸಿ ಇದೆಯಂತೆ. ಬ್ಯಾಂಡ್ ಇದೆಯಾ ಅಂತ ಮೊದಲ ವಾರವೇ ಕೇಳು. ಸುಮ್ನೆ ಹಿಂದೆ ನಿಲ್ಲಬೇಡ. ಬಾಸ್ ಡ್ರಮ್ ಬರುತ್ತದೆ ಅಂತ ನೀನೇ ಬಾಯಿಬಿಟ್ಟು ಹೇಳು. ಬ್ಯಾಗಿನಲ್ಲಿ ಮಂಡಕ್ಕಿ ಇಟ್ಟಿದ್ದೇನೆ, ಇವತ್ತು ಬೆಳಿಗ್ಗೆ ನಾನೇ ಹುರಿದದ್ದು. ಖಾರದ ಪುಡಿ ಬೇರೆ ಡಬ್ಬಿಯಲ್ಲಿದೆ. ಆ ಟವೆಲ್ ಹೊಲಿದ ಬೆಲ್ಟಿನ ಪಟ್ಟಿಯನ್ನು ನಿಮ್ಮವ್ವ ಬಿಚ್ಚಿ, ಒಗೆದು, ಬಟ್ಟೆಗಳ ಕೆಳಗೆ ಇಟ್ಟಿದ್ದಾಳೆ.

ಇಂತಿ ನಿನ್ನ
ಅಪ್ಪ