ಲೋಕಮ್ ಡ್ಯೂಟಿಗೆ ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಲೋಕಮ್ ಕೆಲಸ (ರಜೆಯಲ್ಲಿರುವ ವೈದ್ಯರ ಬದಲಿಗೆ ಮಾಡುವ ತಾತ್ಕಾಲಿಕ ಡ್ಯೂಟಿ) ಸಿಕ್ಕರೆ ಬಿಡಬೇಡಿ. ಕ್ರೈಸ್ಟ್‌ಚರ್ಚ್‌ನಿಂದ ಗ್ರೇಮೌತ್‌ಗೆ ರೈಲಿನಲ್ಲೇ ಹೋಗಿ. 223 ಕಿ.ಮೀ., ಸುಮಾರು 5 ಗಂಟೆ. ಆರ್ಥರ್ಸ್ ಪಾಸ್ ಘಟ್ಟ ದಾಟಿದ್ದೇ ತಡ, ಒಣಹುಲ್ಲು ಮಾಯವಾಗಿ ದಟ್ಟ ಕಾಡು ಶುರು. ನನಗಂತೂ ಆಗುಂಬೆ ಕಣ್ಮುಂದೆ ಬಂತು. ಮಳೆಯೂ ಜಾಸ್ತಿ, ರೇನ್‌ಕೋಟ್ ಮರೆಯಬೇಡಿ.

ಹೊಕಿಟಿಕಾ ಕಮರಿಯ ನೀರು ನೋಡಲೇಬೇಕು. ನೀಲಿಗೆ ಹಾಲು ಬೆರೆಸಿದ ಹಾಗಿರುತ್ತದೆ. ಹಿಮನದಿ ಅರೆದ ಕಲ್ಲಿನ ಪುಡಿ ಅದು.

ಒಂದು ಮಾತು: ಆನ್‌ಕಾಲ್ ರಾತ್ರಿಗಳು (ಕರೆದರೆ ತಕ್ಷಣ ಹೋಗಲು ಸಿದ್ಧವಿರಬೇಕಾದ ರಾತ್ರಿಗಳು) ಎಷ್ಟು ಅಂತ ಸಹಿ ಹಾಕುವ ಮೊದಲೇ ಕೇಳಿ. ನಾನು ಕೇಳಿರಲಿಲ್ಲ, ಮೊದಲ 2 ವಾರ ಊರು ಬಿಟ್ಟು ಕದಲಲಾಗಲಿಲ್ಲ. ಡ್ಯೂಟಿ ಮುಗಿದ ಮಾರನೇ ದಿನಕ್ಕೇ ವಿಮಾನ ಬುಕ್ ಮಾಡಬೇಡಿ, ಸುತ್ತಾಡೋಕೆ 3 ದಿನ ಇಟ್ಟುಕೊಳ್ಳಿ. ಯಾರಾದರೂ ಹೊರಟಿದ್ದರೆ ಇಲ್ಲೇ ತಿಳಿಸಿ.